ಇ-ಟೈಪ್ ಜಾಗ್ವಾರ್: ಬಣ್ಣಕ್ಕಿಂತ ಮೊದಲು ಫ್ರೇಮಿನ ನಂಬರ್ ನೋಡಿ

ಮುಂಬೈಯಲ್ಲಿ ಹಳೆಯ ಕಾರುಗಳ ತಪಾಸಣೆ ಮಾಡುವ ನಮ್ಮ ಕಸುಬಿನಲ್ಲಿ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಜಾಗ್ವಾರ್ ಇ-ಟೈಪ್‌ನಷ್ಟು ಕಣ್ಣು ಕಟ್ಟುವ ಗಾಡಿ ಇನ್ನೊಂದಿಲ್ಲ. ಕೊಳ್ಳುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಆರ್‌ಸಿ ಬುಕ್ ನೋಡುತ್ತಾರೆ, ಗಾಡಿಯ ಅಡಿಗೆ ಬಗ್ಗಿ ನೋಡುವುದು ಕೊನೆಗೆ. ಇದು ಪೂರ್ತಿ ತಿರುಗಬೇಕು. ಯಾಕೆಂಬುದು ಈ ಕಾರು ಕಟ್ಟಿದ ರೀತಿಯಲ್ಲೇ ಇದೆ.

1955, 56, 57ರಲ್ಲಿ ಸತತವಾಗಿ ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದ ಜಾಗ್ವಾರ್‌ನ ರೇಸ್ ಕಾರು ಡಿ-ಟೈಪ್‌ಗೆ ರೂಪ ಕೊಟ್ಟವರು ಮಾಲ್ಕಂ ಸೇಯರ್. ಕಾರು ಕಟ್ಟುವ ಅದೇ ವಿಧಾನವನ್ನು ಅವರು ರಸ್ತೆಯ ಕಾರಿಗೆ ತಂದರು. 1961ರ ಮಾರ್ಚ್ 15ರಂದು ಜಿನೀವಾದಲ್ಲಿ ಇ-ಟೈಪ್ ಹೊರಬಂತು. ನಡುಭಾಗ ತಗಡು ಬೆಸೆದ ಪೆಟ್ಟಿಗೆ. ಅದರ ಮುಂದಕ್ಕೆ ತೆಳು ಉಕ್ಕಿನ ಕೊಳವೆಗಳ ಫ್ರೇಮನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಎಂಜಿನ್, ಮುಂದಿನ ಸಸ್ಪೆನ್ಷನ್, ಬಾನೆಟ್ ಎಲ್ಲದರ ಭಾರ ಆ ಫ್ರೇಮಿನ ಮೇಲೆ. ಚಾಸಿ ನಂಬರ್ ಹೊಡೆದಿರುವುದೂ ಅಲ್ಲೇ: ಬಲಗಡೆ, ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಮೇಲಿನ ಅಡ್ಡಕೊಳವೆಯಲ್ಲಿ.

ಎಂದರೆ ಗಾಡಿಯ ಗುರುತು ಬಿಚ್ಚಿ ಬದಲಿಸಬಹುದಾದ ಭಾಗದಲ್ಲಿದೆ. ಕೊಳವೆ ಒಳಗಿಂದ ತುಕ್ಕು ಹಿಡಿದಾಗ ಹೊಸ ಫ್ರೇಮ್ ತರಿಸಿ ಹಾಕುವುದು ತಪ್ಪಲ್ಲ, ಅದೇ ಸರಿಯಾದ ರಿಪೇರಿ. ಮೇಲೆ ಪಟ್ಟಿಯಿಟ್ಟು ವೆಲ್ಡಿಂಗ್ ಹೊಡೆದರೆ ತೆಳು ಕೊಳವೆ ಶಾಖಕ್ಕೆ ಸಿಕ್ಕು, ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ಆದರೆ ಹಳೆಯ ಫ್ರೇಮ್ ಗುಜರಿಗೆ ಹೋದರೆ ಅಸಲಿ ನಂಬರೂ ಅದರ ಜೊತೆಗೇ ಹೋಯಿತು. ಆರ್‌ಟಿಒದಲ್ಲಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ಹೊಸದಾಗಿ ಹೊಡೆದ ಅಕ್ಷರ ಕಂಡರೆ ಪ್ರಶ್ನೆ ಏಳುತ್ತದೆ. ಫ್ರೇಮ್ ಬಿಚ್ಚುವ ಮುನ್ನವೇ ಫೋಟೊ, ಪ್ರಿಂಟ್, ಆರ್‌ಟಿಒ ಅನುಮತಿ ಮೂರೂ ಆಗಿರಲಿ. ಹಳೆಯ ಫ್ರೇಮನ್ನು ಗಾಡಿಯ ಜೊತೆಗೇ ಇಟ್ಟುಕೊಳ್ಳಿ.

ಹೋಲಿಸಬೇಕಾದ ನಂಬರ್ ನಾಲ್ಕು: ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್. ಎಂಜಿನ್ ನಂಬರ್ ಬ್ಲಾಕಿನ ಬಲಬದಿ, ಆಯಿಲ್ ಫಿಲ್ಟರಿನ ಮೇಲ್ಗಡೆ ಇರುತ್ತದೆ. ಅದೇ ನಂಬರ್ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲೂ ಇರಬೇಕು. 3.8 ಲೀಟರ್ ಎಂಜಿನ್ ‘ಆರ್’ ಅಕ್ಷರದಿಂದ, ಮೊದಲ ಸರಣಿಯ 4.2 ಎಂಜಿನ್ ‘7ಇ’ಯಿಂದ ಶುರುವಾಗುತ್ತದೆ. ‘8ಎಲ್’ ಕಂಡರೆ ಅದು ಜಾಗ್ವಾರ್‌ನದೇ ಎಕ್ಸ್‌ಜೆ6 ಸೆಡಾನಿನಿಂದ ಬಂದದ್ದು. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ, ಆದರೆ ಸಂಗ್ರಾಹಕರ ಬೆಲೆ ಸಿಗುವುದಿಲ್ಲ. ಜಾಗ್ವಾರ್ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದರೆ ಫ್ಯಾಕ್ಟರಿ ಬಿಡುವಾಗಿನ ನಂಬರ್‌ಗಳೂ ಮೂಲ ಬಣ್ಣವೂ ಗೊತ್ತಾಗುತ್ತವೆ. ಮುಂಗಡ ಕೊಡುವ ಮೊದಲೇ ಅದು ಕೈಯಲ್ಲಿರಲಿ.

1961ರಿಂದ 1974ರವರೆಗೆ ತಯಾರಾದದ್ದು ಸುಮಾರು 72,500. ಅದರಲ್ಲಿ 3.8 ಸುಮಾರು 15,500. ಬಾನೆಟ್ಟಿನ ಚಿಲಕ ಹೊರಗಿರುವ ಮೊದಲ 500 ಮತ್ತು ಕಾಲಿಡುವಲ್ಲಿ ತಗ್ಗಿಲ್ಲದ ‘ಫ್ಲ್ಯಾಟ್ ಫ್ಲೋರ್’ ಕಾರುಗಳಿಗೆ ಬೆಲೆ ಎಲ್ಲಕ್ಕಿಂತ ಹೆಚ್ಚು. ಓಡಿಸುವ ಆಸೆಯಿದ್ದವರಿಗೆ ನಮ್ಮ ಸಲಹೆ 1964ರ ಅಕ್ಟೋಬರ್ ನಂತರದ 4.2: ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಕಿರುಗುಟ್ಟದೆ ಬೀಳುವ ಏರ್ಪಾಡು), ಬ್ರೇಕ್ ಉತ್ತಮ, ಸೀಟೂ ಉತ್ತಮ. 1966ರ ಟೂ-ಪ್ಲಸ್-ಟೂ, ಅಂದರೆ ಹಿಂದೆ ಎರಡು ಪುಟ್ಟ ಸೀಟಿರುವ ಮಾದರಿ, 9 ಇಂಚು ಹೆಚ್ಚು ಉದ್ದ. ಬೆಲೆ ಕಡಿಮೆ, ಕುಟುಂಬಕ್ಕೆ ಅನುಕೂಲ.

ಮುಂಬೈಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಈ ಕಾರಿನ ಶತ್ರು. ಬಾಗಿಲ ಕೆಳಗಿನ ಸಿಲ್, ಹಿಂದಿನ ಸಸ್ಪೆನ್ಷನ್ನಿನ ರೇಡಿಯಸ್ ಆರ್ಮ್ ಎಂಬ ಸಲಾಕೆ ಕೂರುವ ಬಟ್ಟಲು, ಬ್ಯಾಟರಿ ಆಸಿಡ್ ಸೋರುವ ಜಾಗ, ಈ ಮೂರನ್ನು ಬಿಡಬೇಡಿ. ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಎಳೆಯಿರಿ. ಜಾರಿದಲ್ಲಿ ಪುಟ್ಟಿ ಇದೆ. ಆಮೇಲೆ ಜ್ಯಾಕ್ ಹಾಕಿ ಎತ್ತಿ ಬಾಗಿಲು ತೆರೆದು ಮುಚ್ಚಿ. ಸಂದಿ ಬದಲಾದರೆ, ಬಾಗಿಲು ಕಚ್ಚಿದರೆ ಒಳಗಿನ ಸಿಲ್ ಸತ್ತಿದೆ. ಟಿಂಕರಿಂಗ್‌ನವರು ಹೊರಗಿನ ತಗಡನ್ನಷ್ಟೇ ಬದಲಿಸಿ ಕೊಡುವುದುಂಟು, ಬಲವಿರುವುದು ಒಳತಗಡಿನಲ್ಲಿ. ರೋಡ್‌ಸ್ಟರ್‌ಗೆ (ತೆರೆದ ಮಾದರಿಗೆ) ಛಾವಣಿಯ ಆಸರೆ ಇಲ್ಲ, ಹಾಗಾಗಿ ಬಾಗಿಲಿನ ಜಾಗಕ್ಕೆ ಅಡ್ಡ ಸಲಾಕೆ ಬಿಗಿಯದೆ ಸಿಲ್ ಕತ್ತರಿಸಿದರೆ ಬಾಡಿ ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ಹಿಂದಿನ ಬ್ರೇಕ್ ಡಿಸ್ಕ್ ಚಕ್ರದ ಬಳಿ ಇಲ್ಲ, ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಅಂಟಿಕೊಂಡಿದೆ. ಡಿಫರೆನ್ಷಿಯಲ್ ಸೀಲ್ ಸೋರಿದರೆ ಎಣ್ಣೆ ನೇರ ಪ್ಯಾಡಿನ ಮೇಲೆ. ಪ್ಯಾಡ್ ಮಾತ್ರ ಬದಲಿಸಿದರೆ ಹಣ ದಂಡ. ಇವನ್ನೆಲ್ಲ ಹಿಡಿದಿರುವ ಚೌಕಟ್ಟನ್ನು, ಅಂದರೆ ಕೇಜನ್ನು, ಪೂರ್ತಿ ಇಳಿಸಿ ಸೀಲ್, ಹ್ಯಾಂಡ್‌ಬ್ರೇಕ್ ಪ್ಯಾಡ್, ಕೇಜಿನ ರಬ್ಬರ್ ಮೌಂಟ್ ಎಲ್ಲ ಒಂದೇ ಸಲಕ್ಕೆ ಮುಗಿಸಿ.

ಸಾಯಂಕಾಲದ ಟ್ರಾಫಿಕ್‌ನಲ್ಲಿ ಎಂಜಿನ್ ಅತಿಯಾಗಿ ಬಿಸಿಯಾದರೆ ಎಲ್ಲರೂ ರೇಡಿಯೇಟರನ್ನು ಬೈಯುತ್ತಾರೆ. ಮೊದಲು ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದಾಗ ತೆರೆಯುವ ಕವಾಟ, ಬಿಚ್ಚಿ. ಮೂಲದ್ದಕ್ಕೆ ಕೊಳವೆಯಂಥ ಒಂದು ತೋಳು (ಸ್ಲೀವ್) ಇರುತ್ತದೆ. ಬಿಸಿಯಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೋಳಿಲ್ಲದ ಸಾಧಾರಣ ಥರ್ಮೋಸ್ಟಾಟ್ ಹಾಕಿದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಇಗ್ನಿಷನ್ ಟೈಮಿಂಗ್ ಇಡುವವರಿಗೂ ಒಂದು ಮಾತು: ಇ-ಟೈಪಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದನೇ ಸಿಲಿಂಡರ್ ಹಿಂದಿನದು, ಮುಂದಿನದಲ್ಲ.

ಈಗಿನ ಇ20 ಪೆಟ್ರೋಲಿಗೆ (ಶೇ. 20 ಎಥನಾಲ್ ಬೆರೆತದ್ದು) ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ತೇವ ಹೀರುವುದರಿಂದ ಮಳೆಗಾಲದಲ್ಲಿ ನಿಂತ ಗಾಡಿಯ ಟ್ಯಾಂಕಿನಡಿ ನೀರು ಸೇರುತ್ತದೆ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಜೂನ್‌ಗೆ ಮೊದಲೇ ಮೂರೂ ಎಸ್‌ಯು ಕಾರ್ಬೊರೇಟರ್ ಬಟ್ಟಲುಗಳನ್ನು ಖಾಲಿ ಮಾಡಿ.

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆಯಿಲ್ಲದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ₹20,000, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಭಾನುವಾರ ಬೆಳಗ್ಗೆ ವರ್ಲಿಯ ಕಡಲತೀರಕ್ಕೆ ಒಯ್ಯುವ ಯೋಚನೆ ಇರುವವರು ಅರ್ಜಿ ಹಾಕುವ ಮೊದಲೇ ಇದನ್ನು ಓದಿಕೊಳ್ಳಬೇಕು.