ಅವ್ವನ ಬೆನ್ನಿನ ಗಂಟು

ಭುಜದ ಹಿಂದಿನ ಗಂಟನ್ನು ಅವ್ವ ಒಂದೂವರೆ ವರ್ಷ ಸೆರಗಿನಡಿ ಮುಚ್ಚಿಟ್ಟಿದ್ದಳು. ಹತ್ತಿ ಬಿಡಿಸುವುದು ಮುಗಿಯಲಿ ಎಂದು. ಮೊನ್ನೆ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ತಾಗಿತು: ನಿಂಬೆಹಣ್ಣಿನಷ್ಟು, ಮೆತ್ತಗೆ, ಒತ್ತಿದರೆ ಜಾರುತ್ತಿತ್ತು. ನೋವಿಲ್ಲ ಎಂದಳು. ನೋವಿಲ್ಲ ಎಂದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಇವತ್ತು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ. "ಇದು ಬಸುರಿಯರಿಗೆ ಮಾಡುವುದಲ್ಲವೇ, ನನಗೇಕೆ?" ಎಂದು ಅವ್ವ ಹಿಂಜರಿದಳು. ವೈದ್ಯೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಆಡಿಸುತ್ತಾ ಪರದೆಯನ್ನು ನಮ್ಮತ್ತ ತಿರುಗಿಸಿದರು. ಒಳಗೆ ನೀರಿದ್ದರೆ ಕಪ್ಪಗೆ ಕಾಣುತ್ತದೆಯಂತೆ, ಇದು ಹಾಗಿರಲಿಲ್ಲ. ಚರ್ಮದ ಕೆಳಗೆ ಅಡ್ಡಡ್ಡ ಮಲಗಿದ ಮೊಟ್ಟೆಯಾಕಾರ, ಅದರೊಳಗೆ ಎಳೆ ಎಳೆಯಾಗಿ ಬಿಳಿ ಗೆರೆಗಳು. ಡಾಪ್ಲರ್ ಹಾಕಿದಾಗ ಬಣ್ಣ ಮೂಡಲಿಲ್ಲ, ಅಂದರೆ ರಕ್ತದ ಹರಿವು ಕಾಣಲಿಲ್ಲ. ಲೈಪೋಮಾ, ಕೊಬ್ಬಿನ ಗಂಟು ಎಂದರು. ಬೇಗ ಬೆಳೆದರೆ, ಗಟ್ಟಿಯಾದರೆ, 5 ಸೆಂಟಿಮೀಟರ್ ದಾಟಿದರೆ ತಡಮಾಡದೆ ಬನ್ನಿ, ಆಗ ಎಂಆರ್‌ಐ ಅಥವಾ ಸೂಜಿ ಪರೀಕ್ಷೆ ಬೇಕಾಗಬಹುದು ಎಂದೂ ಹೇಳಿದರು.

ಹತ್ತು ನಿಮಿಷದ ಕೆಲಸ. ಎಕ್ಸ್‌ರೇಯಂತೆ ವಿಕಿರಣವಿಲ್ಲ, ಬರೀ ಶಬ್ದದ ಅಲೆ. ಇಷ್ಟು ದಿನ ರಾತ್ರಿ ಒಬ್ಬಳೇ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದಳಲ್ಲ ಎಂದು ಕರುಳು ಹಿಂಡಿದಂತಾಯಿತು. ಹತ್ತಿಯ ಎಲೆ ಕೆಂಪಾದರೆ ಅದೇ ದಿನ ಅಂಗಡಿಗೆ ಓಡುವವಳು ಅವಳು.

ಬಸ್ಸಿನಲ್ಲಿ ರಿಪೋರ್ಟಿನ ಕವರನ್ನು ಮಡಿಲಲ್ಲಿಟ್ಟುಕೊಂಡು, ಚಿಕ್ಕವ್ವನ ಕತ್ತಿನಲ್ಲೂ ಒಂದು ಗಂಟಿದೆ ಎಂದಳು. ಸೋಮವಾರ ಅವಳನ್ನೂ ಕರೆದುಕೊಂಡು ಹೋಗುತ್ತೇನೆ.