ಪೈಪ್ ಗ್ಯಾಸ್ ಬಂತು, ಡಿಟೆಕ್ಟರ್ ಜಾಗ ಬದಲಾಯಿಸಿದ್ರಾ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಒಂದೊಂದಾಗಿ ಪೈಪ್ ಗ್ಯಾಸ್ ಬರುತ್ತಿದೆ. ಸಿಲಿಂಡರ್ ವಾಪಸ್ ಹೋಗುತ್ತದೆ, ಒಲೆಯ ಜೆಟ್ ಬದಲಾಗುತ್ತದೆ, ಆದರೆ ಗ್ಯಾಸ್ ಸೋರಿದರೆ ಕೂಗಲೆಂದು ಸಿಲಿಂಡರ್ ಪಕ್ಕದ ಗೋಡೆಗೆ ಹಾಕಿಸಿದ್ದ ಡಿಟೆಕ್ಟರ್ ಮಾತ್ರ ಎಷ್ಟೋ ಮನೆಗಳಲ್ಲಿ ಅಲ್ಲೇ ಉಳಿದಿದೆ. ಪೈಪ್ ಗ್ಯಾಸಿಗೆ ಅದು ಅಲ್ಲಿದ್ದು ಉಪಯೋಗವಿಲ್ಲ.

ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲಕ್ಕೆ ಇಳಿದು ಮೂಲೆಗಳಲ್ಲಿ, ಕಟ್ಟೆಯ ಕೆಳಗೆ ನಿಂತುಬಿಡುತ್ತವೆ. ಹಾಗಾಗಿ ಡಿಟೆಕ್ಟರ್ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ಪೈಪಿನಲ್ಲಿ ಬರುವುದು ಮೀಥೇನ್, ಅದು ಗಾಳಿಗಿಂತ ಹಗುರ, ಮೇಲೇರಿ ಸೀಲಿಂಗ್ ಹತ್ತಿರ ಸೇರುತ್ತದೆ. ಅದಕ್ಕೆ ಸೀಲಿಂಗಿನಿಂದ ಒಂದು ಅಡಿಯೊಳಗೆ ಡಿಟೆಕ್ಟರ್ ಬೇಕು, ಅದೂ ಮೀಥೇನ್ ಗುರುತಿಸುವಂಥದ್ದೇ ಅಂತ ಡಬ್ಬದ ಮೇಲೆ ನೋಡಿಕೊಳ್ಳಿ.

ಒಲೆಯ ನೇರ ಮೇಲೆ ಮಾತ್ರ ಬೇಡ. ಒಗ್ಗರಣೆ ಹೊಗೆಗೆಲ್ಲ ಕೂಗಿದರೆ ಎರಡನೇ ವಾರಕ್ಕೆ ಯಾರಾದರೂ ಪ್ಲಗ್ ಕಿತ್ತಿಡುತ್ತಾರೆ, ಅಲ್ವಾ? ಕಿಟಕಿ, ಎಕ್ಸಾಸ್ಟ್ ಫ್ಯಾನ್ ಪಕ್ಕವೂ ಬೇಡ. ಕರೆಂಟ್ ಹೋದಾಗಲೂ ಕೆಲಸ ಮಾಡಬೇಕಾದರೆ ಬ್ಯಾಟರಿ ಇರಬೇಕು, ಇಲ್ಲವೇ ಯುಪಿಎಸ್ ಲೈನಿಗೆ ಕೊಡಿ.

ನನಗೆ ಜಾಸ್ತಿ ಭಯ ಕಾರ್ಬನ್ ಮೊನಾಕ್ಸೈಡಿನದು, ಅಂದರೆ ಸಾಕಷ್ಟು ಗಾಳಿಯಿಲ್ಲದೆ ಬೆಂಕಿ ಉರಿದಾಗ ಹುಟ್ಟುವ ವಿಷಾನಿಲದ್ದು. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಬಡಿಯುತ್ತದೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ, ಸ್ನಾನಕ್ಕೆ ಹೋದವರು ತಲೆ ಸುತ್ತಿ ಅಲ್ಲೇ ಕುಸಿಯುತ್ತಾರೆ, ಹೊರಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ರಾಜ್ಯದಲ್ಲೇ ಇಂಥ ಸಾವುಗಳ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಅಡುಗೆಮನೆಯ ಗ್ಯಾಸ್ ಡಿಟೆಕ್ಟರ್ ಇದನ್ನು ಹಿಡಿಯುತ್ತದೆ ಅಂದುಕೊಳ್ಳಬೇಡಿ, ಇದಕ್ಕೆ ಬೇರೆಯದೇ ಅಲಾರಂ ಬೇಕು.

ಈ ಅನಿಲ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕ, ಕೋಣೆಯಲ್ಲೆಲ್ಲಾ ಬೆರೆಯುತ್ತದೆ. ಇದರ ಅಲಾರಂ ಅನ್ನು ಮಲಗುವ ಕೋಣೆಯಲ್ಲಿ ದಿಂಬಿನ ಮಟ್ಟಕ್ಕೆ, ಬೇರೆ ಕಡೆ ಮುಖದ ಮಟ್ಟಕ್ಕೆ ಹಾಕಿ, ಪರದೆ ಹಿಂದೆ ಬೇಡ. ಚಳಿಗೆ ಇದ್ದಿಲು ಕೆಂಡ ಒಳಗಿಟ್ಟು ಮಲಗುವ ಮಲೆನಾಡು, ಕೊಡಗಿನ ಮನೆಗಳಿಗೂ ಈ ಅಲಾರಂ ಬೇಕೇ ಬೇಕು, ಆದರೆ ಮೊದಲು ಆ ಕೆಂಡವನ್ನು ಹೊರಗಿಡಿ. ಬಚ್ಚಲಿನ ಹಬೆಗೆ ಅಲಾರಂ ಕೆಡುತ್ತದೆ. ಅಲ್ಲಿಗೆ ಒಳ್ಳೆಯ ಪರಿಹಾರ ಅಂದರೆ, ಗೀಸರನ್ನೇ ಗಾಳಿಯಾಡುವ ಯುಟಿಲಿಟಿಗೆ ಸಾಗಿಸುವುದು.

ಸೆನ್ಸರಿಗೂ ಆಯಸ್ಸಿದೆ, ಹಿಂಬದಿಯಲ್ಲಿ ತಾರೀಕು ಬರೆದಿರುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಗ್ಯಾಸ್ ಅಲಾರಂ ಕೂಗಿದರೆ ಯಾವ ಸ್ವಿಚ್ಚೂ ಮುಟ್ಟಬೇಡಿ. ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಸಿಲಿಂಡರ್ ಆದರೆ 1906, ಪೈಪ್ ಆದರೆ ನಿಮ್ಮ ಬಿಲ್ಲಿನ ಮೇಲಿರುವ ತುರ್ತು ನಂಬರ್.