ಕಾರು ಗುಜರಿಗೆ ಹೋಗಲಿಲ್ಲ

ನಮ್ಮ ಹಳೇ ಡೀಸೆಲ್ ಕಾರಿನ ಟರ್ಬೊ ರಿಪೇರಿ ಆಯಿತು. ತುಂಬಾ ಖುಷಿಯಾಗಿದೆ. ಶಿರಾಡಿ ಘಾಟಿ ಹತ್ತುವಾಗ ಪಿಕಪ್ಪೇ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಸೈರನ್ ಥರ ಕೂಗು, ಹಿಂದೆ ನೀಲಿ ಹೊಗೆ. "ಇದಕ್ಕೆ ದುಡ್ಡು ಸುರಿಯಬೇಡಿ, ಗುಜರಿಗೆ ಕೊಟ್ಬಿಡಿ" ಅಂದವರೇ ಜಾಸ್ತಿ.

ಮೆಕ್ಯಾನಿಕ್ ಅಣ್ಣ ಟರ್ಬೊ ಬಿಚ್ಚಿ ತೋರಿಸಿದರು. ಇಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಇಂಜಿನ್ನಿಗೆ ಗಾಳಿ ತುಂಬುತ್ತದೆ. ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ! ಆ ಶಾಫ್ಟಿಗೆ ಆಧಾರ ಆಯಿಲ್‌ನ ಒಂದು ತೆಳು ಪದರ. ನಮ್ಮದರಲ್ಲಿ ಆಯಿಲ್ ಪೈಪಿನೊಳಗೆ ಮಸಿ ಕಟ್ಟಿ, ಬೇರಿಂಗ್ ಸವೆದು, ಶಾಫ್ಟ್ ಅಲುಗಾಡುತ್ತಿತ್ತು. ಹೊರಗಿನ ಕೇಸಿಂಗ್ ಗಟ್ಟಿಯಾಗಿಯೇ ಇತ್ತು. ಹಾಗಾಗಿ ಒಳಗಿನ ಕೋರ್, ಅಂದರೆ ಚಕ್ರ, ಶಾಫ್ಟ್, ಬೇರಿಂಗ್ ಇರುವ ಭಾಗ ಮಾತ್ರ ಬದಲಿಸಿದರು. ಜೊತೆಗೆ ಹೊಸ ಆಯಿಲ್ ಪೈಪ್, ಹೊಸ ಆಯಿಲ್, ಫಿಲ್ಟರ್. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತೊಳೆದರು. ಕಟ್ಟಿದ ಪೈಪನ್ನು ಹಾಗೇ ಬಿಟ್ಟರೆ ಹೊಸ ಕೋರ್ ಕೂಡ ಬೇಗ ಹೋಗುತ್ತದೆ. ರಿಪೇರಿ ಮಾಡಿಸುವವರು "ಪೈಪ್ ಬದಲಿಸಿದ್ರಾ?" ಅಂತ ಕೇಳಲೇಬೇಕು.

ಸುಮ್ನೆ ಹೊರಗೆ ಹೋಗುವ ಹೊಗೆಯಿಂದಲೂ ಕೆಲಸ ತೆಗೆಯಬಹುದು ಅಂತ ಯೋಚಿಸಿ, 1905ರಲ್ಲೇ ಪೇಟೆಂಟ್ ಪಡೆದವರು ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬುಚಿ. ಅಂಥ ಯಂತ್ರದೊಳಗೆ ಒಂದು ಬೇರಿಂಗ್ ಸವೆದದ್ದಕ್ಕೆ ಇಡೀ ಕಾರನ್ನೇ ಎಸೆಯುವುದು ಅನ್ಯಾಯ ಅಲ್ವಾ? ಇಂಜಿನ್ನೇ ಹೋಗಿದ್ದರೆ, ಚಾಸಿ ತುಕ್ಕು ಹಿಡಿದಿದ್ದರೆ ಮಾತು ಬೇರೆ.

ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಇಂಜಿನ್ ಆಫ್ ಮಾಡಬೇಡಿ, ಒಂದು ನಿಮಿಷ ಓಡಲಿ, ಬಿಸಿ ಟರ್ಬೊಗೆ ಆಯಿಲ್ ಹರಿಯುತ್ತಿರಬೇಕು ಅಂತ ಮೆಕ್ಯಾನಿಕ್ ಅಣ್ಣ ಅಂದಿದ್ದಾರೆ. ಈಗ ಮನೆಯವರೆಲ್ಲ ಹಾಗೇ ಮಾಡುತ್ತಿದ್ದೇವೆ.